ಕೈಬಿಟ್ಟ ತುತ್ತು

ಹಳೇಬೀಡು
9 ಜನವರಿ 2025

ಹೇಮಾಶ್ರೀಗೆ ನಿನ್ನ ಅಜ್ಜಿ ಕಾಂಚನಮಾಲಾ ಬರೆಯುವುದು. ಜಯ ಜಿನೇಂದ್ರ.

ನೀನು ಫೋನು ಮಾಡಿದ್ದೀಯ ಎಂದು ನಿನ್ನ ತಮ್ಮ ಜಿನಪ್ರಸಾದ ಅದನ್ನು ತಂದು ನನ್ನ ಕಿವಿಗೆ ಒತ್ತಿದ. ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಏನೋ ಗುಂಯ್ ಎಂದಿತು. ನಾನು ಹೂಂ ಹೂಂ ಎಂದೆ. ಮನೆ ಬರೆದುಕೊಡು ಎಂದು ಕೇಳಿದ್ದರೂ ಹೂಂ ಎಂದೇ ಹೇಳಿರುತ್ತೇನೆ, ಬಂದು ತೆಗೆದುಕೊಂಡು ಹೋಗು. ಇನ್ನು ಮೇಲೆ ಕಾಗದವನ್ನೇ ಬರೆ. ಬಾಣಾವರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ತಿದ್ದಿದ ಅಕ್ಷರ ಇನ್ನೂ ಸವೆದಿಲ್ಲ.

ವಿಷಯ ಏನೆಂದರೆ, ಬರುವ ತಿಂಗಳು ಶ್ರವಣಬೆಳಗೊಳದ ಕಡೆಯಿಂದ ಒಬ್ಬರು ಮುನಿಗಳು ನಡೆದು ಬರುತ್ತಿದ್ದಾರೆ. ಇಲ್ಲಿ ಬಸದಿಯ ಹತ್ತಿರ ಕೆಲವು ದಿನ ಇರುತ್ತಾರೆ. ನಮ್ಮ ಮನೆಯಲ್ಲೂ ಚೌಕ ಹಾಕುತ್ತೇನೆ. ಹಾಸ್ಟೆಲು, ಆಸ್ಪತ್ರೆ ಎಂದು ಅಲೆದು ನೀನು ಎಲ್ಲ ಮರೆತಿರುತ್ತೀಯ, ಅದಕ್ಕೆ ಹೇಳುತ್ತೇನೆ ಕೇಳು. ಚೌಕ ಎಂದರೆ ಮುನಿಗಳಿಗೆಂದೇ ತೊಳೆದು ಬೇರೆ ಮಾಡಿದ ಅಡುಗೆಯ ಜಾಗ. ಸ್ನಾನ ಮಾಡಿ ಶುದ್ಧ ಬಟ್ಟೆ ಉಟ್ಟವರಿಗೆ ಮಾತ್ರ ಪ್ರವೇಶ. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುತ್ತಾರೆ. ತುತ್ತು ಕೊಡುವವರು ಮೊದಲು ‘ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧಿ’ ಎಂದು ಬಾಯಿಬಿಟ್ಟು ಹೇಳಬೇಕು. ತುತ್ತಿನಲ್ಲಿ ಒಂದು ಕೂದಲು ಸಿಕ್ಕಿದರೂ ಅಂತರಾಯವಾಯಿತು ಎಂದು ಬೊಗಸೆ ಬಿಟ್ಟುಬಿಡುತ್ತಾರೆ. ಆಮೇಲೆ ಮಾರನೆಯ ದಿನದವರೆಗೆ ನೀರೂ ಇಲ್ಲ. ಯಾರ ಬಾಗಿಲಲ್ಲಿ ನಿಲ್ಲುತ್ತಾರೆಂದು ಮೊದಲೇ ಹೇಳುವಂತಿಲ್ಲ. ನಮ್ಮ ಬಾಗಿಲಲ್ಲಿ ನಿಂತರೆ ತುತ್ತು ನಿನ್ನ ಕೈಯಿಂದ ಹೋಗಬೇಕು.

ಯಾಕೆಂದರೆ ಊರಿನಲ್ಲಿ ಈಗ ನಿನ್ನದೇ ಮಾತು. ಮೊನ್ನೆ ಬಸದಿಯಲ್ಲಿ ನಮ್ಮ ಪಕ್ಕದ ಮನೆಯ ಶಾಂತರಾಜ ಕೇಳಿದ, “ಕಾಂಚನಕ್ಕ, ನಿಮ್ ಮೊಮ್ಮಗಳು ಪುಣೇಲಿ ಇನ್ನೂ ಓದ್ತಾನೇ ಅವಳಂತೆ?”

“ಓದದಲ್ಲ ಕಣಪ್ಪ, ಕಂಡ್ಹಿಡೀತಾ ಅವಳೆ. ಹುಟ್ಟಿದ್ ಕೂಸಿನ ಪಕ್ಕೇಲಿ ಊದ್‌ಬತ್ತಿ ಅಷ್ಟು ಸಣ್ಣ ಕೊಳವೆ ತೂರ್ಸಿ, ಒಳಗೊಳಗೇ ಹೊಲ್ದು ಈಚೆಗೆ ಬತ್ತಾಳೆ. ಕುಯ್ಯಂಗೇ ಇಲ್ಲ.”

“ಹಂಗಾರೆ ಅಹಿಂಸೆ ಆಪರೇಷನ್ನು ಅನ್ನಿ!”

ನಾನು ಹೂಂ ಅಂದೆ. ಈಗ ಎಲ್ಲರ ಬಾಯಲ್ಲೂ ಅದೇ. ದೊಡ್ಡ ಗಾಯ ದೊಡ್ಡ ಹಿಂಸೆ, ಸಣ್ಣ ಗಾಯ ಸಣ್ಣ ಹಿಂಸೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಕೂಸುಗಳ ಮೇಲೆ ಮಾಡುವ ಮುಂಚೆ ಬೊಂಬೆಗಳ ಮೇಲೆ ತಾನೆ ಕೈ ಪಳಗಿಸಿಕೊಳ್ಳುವುದು? ಶಾಂತರಾಜನ ಹೆಂಡತಿ ಕೇಳಿದಳು, ಉತ್ತರ ಬರೆ.

ಜಿನಪ್ರಸಾದನ ಹೆಂಡತಿ ತ್ರಿಶಾಳಿಗೆ ಚೌಕ ಇದೇ ಮೊದಲ ಸಲ. ಅರಸೀಕೆರೆಯ ಬಟ್ಟೆ ಅಂಗಡಿಯವರ ಮಗಳು. ಪಾತ್ರೆ ತೊಳೆದರೆ ಪಾತ್ರೆಯ ಮೇಲೆ ಸಿಟ್ಟಿರುವ ಹಾಗೆ ತೊಳೆಯುತ್ತಾಳೆ. ಕಲಿಸುತ್ತಿದ್ದೇನೆ.

ನಿನ್ನ ಅಜ್ಜಿ


ಪುಣೆ
21 ಜನವರಿ 2025

ಅಜ್ಜಿ, ನಮಸ್ಕಾರ.

ಫೋನಿನಲ್ಲಿ ನಾನು ಕೇಳಿದ್ದು ಮನೆಯನ್ನಲ್ಲ, ನಿನ್ನ ಬಿ.ಪಿ. ಮಾತ್ರೆಯನ್ನು. ತೆಗೆದುಕೊಳ್ಳುತ್ತಿದ್ದೀಯಾ ಎಂದರೆ ಹೂಂ ಅಂದೆ. ಅದೂ ಹೀಗೇ ಅಂದದ್ದು ಎಂದು ಈಗ ಗೊತ್ತಾಯಿತು. ತೆಗೆದುಕೋ.

ಬರುತ್ತೇನೆ. ರಜೆ ಕೇಳಿದ್ದೇನೆ. ಆದರೆ ತುತ್ತು ತ್ರಿಶಾ ಕೊಡಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಮನೆಯ ಸೊಸೆ ಅವಳು.

ನನ್ನ ಕೆಲಸದ ಬಗ್ಗೆ ಬಸದಿಯಲ್ಲಿ ಹೆಚ್ಚು ಹೇಳಬೇಡ. ಕೆಲವು ಮಕ್ಕಳಿಗೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಲ್ಲಿ ತೂತು ಇದ್ದು, ಕರುಳು ಎದೆಯೊಳಗೆ ನುಗ್ಗಿರುತ್ತದೆ. ಉಸಿರಾಡಲು ಜಾಗವಿರುವುದಿಲ್ಲ. ಕರುಳನ್ನು ಕೆಳಗೆ ಇಳಿಸಿ ತೂತನ್ನು ಹೊಲಿಯಬೇಕು. ದೊಡ್ಡದಾಗಿ ಕೊಯ್ಯದೆ ಅದನ್ನು ಮಾಡುವುದು ಹೇಗೆ ಎಂಬುದು ನನ್ನ ಸಂಶೋಧನೆ. ಹೆಚ್ಚಿನ ಹೊತ್ತು ಪ್ರಯೋಗಾಲಯದಲ್ಲೇ ಕಳೆಯುತ್ತದೆ. ಅಹಿಂಸೆ ಗಿಹಿಂಸೆ ಎಂದೆಲ್ಲ ಅದಕ್ಕೆ ಹೆಸರಿಡುವುದು ಬೇಡ.

ನಿನ್ನ
ಹೇಮಾ


ಹಳೇಬೀಡು
20 ಫೆಬ್ರವರಿ 2025

ಹೇಮಾ,

ಚೌಕದ ದಿನ ನೀನು ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದೆ. ನಿನ್ನ ರೈಲು ಸಂಜೆಗೆ ಎಂದು ಆಮೇಲೆ ಜಿನಪ್ರಸಾದ ಹೇಳಿದ. ಅಷ್ಟು ಹೊತ್ತು ಅರಸೀಕೆರೆ ಸ್ಟೇಷನ್ನಿನಲ್ಲಿ ಕೂತು ಏನು ಮಾಡಿದೆ? ಅಲ್ಲಿ ಕೂರುವುದನ್ನು ಇಲ್ಲಿ ನನ್ನ ಹತ್ತಿರ ಕೂತಿದ್ದರೆ ಆಗುತ್ತಿರಲಿಲ್ಲವೇ?

ಎಷ್ಟು ಚೆನ್ನಾಗಿ ನಡೆದಿತ್ತು. ಮುನಿಗಳು ಶಾಂತರಾಜನ ಬಾಗಿಲು ದಾಟಿದರು, ಅವನ ಹೆಂಡತಿಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ನಮ್ಮ ಬಾಗಿಲಲ್ಲೇ ನಿಂತರು. ತುತ್ತು ತ್ರಿಶಾ ಕೊಡಲಿ ಎಂದು ನೀನು ಹಿಂದೆ ಸರಿದೆ, ನಾನು ಬಿಡಲಿಲ್ಲ. ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದೆ. ಶುದ್ಧಿಯ ಮಾತು ಹೇಳುವಾಗ ನಿನ್ನ ತುಟಿ ನಡುಗಿತು. ಭಕ್ತಿ ಎಂದುಕೊಂಡೆ. ನೀರು ಆಯಿತು, ಹಾಲು ಆಯಿತು. ಅನ್ನದ ಮೊದಲ ತುತ್ತನ್ನು ನೀನು ಇಟ್ಟೆ. ಅವರು ಬೊಗಸೆ ನೋಡಿದರು. ಕೈ ಬಿಟ್ಟರು.

ನೀನು ಹೊರಗೆ ಓಡಿದ ಮೇಲೆ ಆದದ್ದನ್ನು ಹೇಳುತ್ತೇನೆ. ಮುನಿಗಳು ಏನೂ ಅನ್ನಲಿಲ್ಲ. ಕೂತರು, ಕಣ್ಣು ಮುಚ್ಚಿದರು, ಎದ್ದು ಬಸದಿಗೆ ನಡೆದರು. ಬೈದಿದ್ದರೆ ನಾವು ಅತ್ತು ಹಗುರಾಗುತ್ತಿದ್ದೆವು. ಮಾರನೆಯ ಬೆಳಿಗ್ಗೆ ಅದೇ ಹಸಿವಿನಲ್ಲಿ ಹಗರೆಯ ಕಡೆಗೆ ಹೊರಟುಹೋದರು. ಬರಿಗಾಲು, ಡಾಂಬರು ರಸ್ತೆ, ಅಷ್ಟು ಹೊತ್ತಿಗೇ ಚುರುಗುಡುವ ಬಿಸಿಲು.

ಶಾಂತರಾಜ ಬಾಗಿಲಲ್ಲಿ ನಿಂತು, “ಯಾರ್ದು ಕೂದ್ಲು? ಯಾರ್ದು?” ಎಂದು ಹೊಲ ಅಳೆಯುವವನ ಹಾಗೆ ಕೇಳಿದ. ನೆಲಕ್ಕೆ ಬಿದ್ದ ಅನ್ನವನ್ನು ಬಗ್ಗಿ ಬಳಿದವಳು ನಾನು. ಕೂದಲು ಎಲ್ಲಿ ಹೋಯಿತೋ, ಬಳಿದದ್ದರಲ್ಲಿ ಹೋಯಿತು ಎಂದೆ. ಎಲ್ಲರೂ ತ್ರಿಶಾಳ ಜಡೆ ನೋಡಿದರು. ಮೊಣಕಾಲು ಮುಟ್ಟುವ ಜಡೆ ಈ ಮನೆಯಲ್ಲಿ ಇನ್ಯಾರಿಗಿದೆ?

“ಅಜ್ಜಿ, ನಾನು ತಲೆಗೆ ಬಟ್ಟೆ ಕಟ್ಕೊಂಡಿದ್ನಲ್ಲ. ನೀವೇ ಕಟ್ಟಿದ್ರಿ. ಹೇಳಿ ಅಜ್ಜಿ.”

ಆಗಿದ್ದು ಆಯಿತು ಎಂದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತುತ್ತು ಇಟ್ಟವಳು ನೀನಾದರೂ ನಿನ್ನ ತಪ್ಪಿಲ್ಲ. ಅದು ನನಗೆ ಗೊತ್ತು.

ನಿನ್ನ ಅಜ್ಜಿ


ಹಳೇಬೀಡು
12 ಏಪ್ರಿಲ್ 2025

ಹೇಮಾ,

ಉತ್ತರವಿಲ್ಲ. ಮಹಾವೀರ ಜಯಂತಿಗೂ ಒಂದು ಸಾಲಿಲ್ಲ. ಪುಣೆಯಲ್ಲಿ ಅಂಚೆಪೆಟ್ಟಿಗೆ ಕಿತ್ತುಹಾಕಿದರೋ ಅಥವಾ ನಿನ್ನ ಕೈಯನ್ನೋ?

ಇಲ್ಲಿಯದು ಕೇಳು. ತ್ರಿಶಾ ತವರಿಗೆ ಹೋಗುತ್ತೇನೆಂದು ಅರಸೀಕೆರೆಗೆ ಹೋದಳು. ಬಂದಾಗ ಕೂದಲನ್ನು ಕತ್ತರಿಸಿಕೊಂಡು ಬಂದಳು. ಕುತ್ತಿಗೆಯವರೆಗೆ. ಹಿಂದಿನಿಂದ ನೋಡಿ ಯಾರೋ ನೆಂಟರ ಹುಡುಗ ಎಂದುಕೊಂಡೆ. ಜಿನಪ್ರಸಾದ ಬೇಲೂರಿನ ಆಫೀಸಿನಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

“ಏನೇ ಇದು?”

“ಇನ್ ಯಾರೂ ನನ್ನ ಕೂದಲು ಅನ್ನಲ್ವಲ್ಲ, ಅದಕ್ಕೆ.”

ನನಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದಳು. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ನನ್ನ ತಟ್ಟೆಯನ್ನು ನನ್ನ ಮುಂದೆ ಇಟ್ಟು ಹೋಗುತ್ತಾಳೆ. ನಾನು ತಲೆ ಎತ್ತಿದರೆ ಆ ಬೋಳು ಕುತ್ತಿಗೆ ಕಾಣುತ್ತದೆ. ಆದ್ದರಿಂದ ತಲೆ ತಗ್ಗಿಸಿ ಉಣ್ಣುತ್ತೇನೆ.

ನೀನಾದರೂ ಬರೆ.

ನಿನ್ನ ಅಜ್ಜಿ


ಪುಣೆ
4 ಮೇ 2025

ಅಜ್ಜಿ,

ತ್ರಿಶಾ ಕೂದಲು ಕತ್ತರಿಸಿಕೊಂಡಳು ಎಂದು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಅವಳಿಗೆ ಹೇಳು, ಶಾಂತರಾಜ ಮಾವನಿಗೂ ಹೇಳು: ಕೂದಲು ಯಾರದೇ ಇರಲಿ, ಅಂತರಾಯವಾದದ್ದು ನನ್ನಿಂದ.

ಬೊಂಬೆಯ ಮೇಲೆ ತಾನೆ ಎಂದು ನೀನು ಕೇಳಿದ್ದೆ. ನಾನು ಪ್ರಯೋಗಾಲಯ ಎಂದು ಬರೆದು ಜಾರಿಕೊಂಡೆ. ಬೊಂಬೆಯ ಮೇಲಲ್ಲ ಅಜ್ಜಿ. ಹಂದಿಮರಿಗಳ ಮೇಲೆ. ಎಳೆಯ ಹಂದಿಯ ಎದೆ ಮಗುವಿನ ಎದೆಯಷ್ಟೇ ಚಿಕ್ಕದು, ಪರದೆಯೂ ಅಷ್ಟೇ ತೆಳು. ಅರಿವಳಿಕೆ ಕೊಟ್ಟು ಮಲಗಿಸುತ್ತೇವೆ. ಪರದೆಯಲ್ಲಿ ನಾವೇ ಒಂದು ತೂತು ಮಾಡುತ್ತೇವೆ, ಆಮೇಲೆ ನನ್ನ ಕೊಳವೆಯನ್ನು ತೂರಿಸಿ ಅದನ್ನು ಹೊಲಿಯುತ್ತೇನೆ. ಹೊಲಿಗೆ ನಿಲ್ಲುತ್ತದೆಯೇ ಎಂದು ನೋಡುತ್ತೇವೆ. ಅದಕ್ಕೆ ನೋವು ತಿಳಿಯುವುದಿಲ್ಲ. ಆದರೆ ಕೆಲಸ ಮುಗಿದ ಮೇಲೆ ಅದನ್ನು ಎಬ್ಬಿಸುವುದಿಲ್ಲ. ಎಲ್ಲ ಅನುಮತಿ ಪಡೆದು, ನಿಯಮದ ಪ್ರಕಾರವೇ ಮಾಡುವುದು. ಆ ಮಾತನ್ನು ನಾನು ವಿದ್ಯಾರ್ಥಿಗಳಿಗೆ ದಿನವೂ ಹೇಳುತ್ತೇನೆ. ನಿನಗೆ ಬರೆಯುವಾಗ ಅದು ಸಹಾಯಕ್ಕೆ ಬರುತ್ತಿಲ್ಲ.

ಊರಿಗೆ ರೈಲು ಹತ್ತುವ ಹಿಂದಿನ ದಿನವೂ ಮಾಡಿದ್ದೆ. ಅದೇ ಕೈಯನ್ನು ತೊಳೆದುಕೊಂಡು ಬಂದು, ಮುನಿಗಳ ಮುಂದೆ ನಿಂತು ಕಾಯಶುದ್ಧಿ ಎಂದೆ. ವಚನಶುದ್ಧಿ ಎಂದೆ. ನನ್ನ ತುತ್ತಿಗೇ ಅವರು ಕೈ ಬಿಟ್ಟರು. ಅದು ನನಗೇ ಹೇಳಿದ ಮಾತು ಎಂದು ಆ ಕ್ಷಣದಲ್ಲೇ ಗೊತ್ತಾಯಿತು.

ಹೋದ ತಿಂಗಳು ಸೊಲ್ಲಾಪುರದ ಒಂದು ಹೆಣ್ಣುಮಗುವಿಗೆ ನನ್ನ ಕೊಳವೆಯಿಂದಲೇ ಹೊಲಿದೆ. ಬದುಕಿತು. ಅದರ ತಾಯಿ ನನ್ನ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಾಗ ಕೈ ಎಳೆದುಕೊಂಡುಬಿಟ್ಟೆ. ಆಕೆ ಹೆದರಿದಳು, ಮಗುವಿಗೆ ಏನೋ ಆಗಿದೆ ಎಂದುಕೊಂಡಳು.

ಸಂಶೋಧನೆಯನ್ನು ಬಿಡುತ್ತಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರು ಮಹಾಂತೇಶ್ ಸರ್, ಬಾಗಲಕೋಟೆ ಕಡೆಯವರು. “ಒಂದು ಕೂದಲಿನ ಸಲುವಾಗಿ ಇಷ್ಟು ವರ್ಷದ ಕೆಲಸ ಬಿಡ್ತೀರೇನ್ರಿ ಡಾಕ್ಟರ್?” ಎಂದರು. ಹೌದು ಸರ್ ಎಂದೆ.

ಹೇಮಾ


ಹಳೇಬೀಡು
30 ಮೇ 2025

ಹೇಮಾಶ್ರೀ,

ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹಂದಿ ಎಂದೇ ಬರೆದಿದ್ದೀಯ.

ನೆಲದಿಂದ ಕಿತ್ತರೆ ಅಂಟಿಕೊಂಡ ಜೀವ ಸಾಯುತ್ತದೆಂದು ಆಲೂಗಡ್ಡೆಯನ್ನೇ ಒಳಗೆ ತರದ ಮನೆ ಇದು. ನಲ್ಲಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಸೋಸಿದ ಹುಳವನ್ನು ಮತ್ತೆ ನೀರಿಗೇ ಬಿಡುವುದನ್ನು ನಿನಗೆ ಕಲಿಸಿದವಳು ನಾನು. ನಿನ್ನನ್ನು ಅಹಿಂಸೆಯ ಡಾಕ್ಟರು ಎಂದು ಊರೆಲ್ಲ ಸಾರಿದವಳೂ ನಾನು. ಬೇಡ ಎಂದು ಒಂದು ಮಾತು ಬರೆದೆ, ಯಾಕೆ ಬೇಡ ಎಂದು ಬರೆದೆಯಾ? ಎಬ್ಬಿಸುವುದಿಲ್ಲ ಎಂದು ಎಷ್ಟು ಮೆತ್ತಗೆ ಬರೆದಿದ್ದೀಯ! ನೇರವಾಗಿ ಬರೆಯಲು ಕೈ ಬರಲಿಲ್ಲವೇ?

ಬಿಟ್ಟೆಯಲ್ಲ, ಒಳ್ಳೆಯದಾಯಿತು. ಮಕ್ಕಳಿಗೆ ಜ್ವರಕ್ಕೆ, ಕೆಮ್ಮಿಗೆ ಔಷಧಿ ಕೊಟ್ಟುಕೊಂಡಿರು.

ಶಾಂತರಾಜನಿಗೆ ನಾನು ಏನೂ ಹೇಳಿಲ್ಲ. ತ್ರಿಶಾಳಿಗೂ ಹೇಳಿಲ್ಲ. ಹೇಳುವುದಿಲ್ಲ. ಆ ಕೂದಲಿನ ಮಾತನ್ನು ಇನ್ನು ಎತ್ತಬೇಡ.

ಸೊಲ್ಲಾಪುರದ ಕೂಸು ಹಾಲು ಕುಡಿಯುತ್ತದೆಯೋ?

ಕಾಂಚನಮಾಲಾ


ಪುಣೆ
18 ಜುಲೈ 2025

ಅಜ್ಜಿ,

ಕುಡಿಯುತ್ತದೆ. ತೂಕ ಹಾಕಿಸಲು ಕರೆದುಕೊಂಡು ಬಂದಿದ್ದರು. ನನ್ನ ಸ್ಟೆತಾಸ್ಕೋಪನ್ನು ಹಿಡಿದು ಬಾಯಿಗೆ ಹಾಕಿಕೊಂಡಿತು.

ನೀನು ಬೈದದ್ದು ಸರಿ. ಕೊನೆಯಲ್ಲಿ ಅಜ್ಜಿ ಎಂದು ಬರೆಯದೆ ಹೆಸರು ಬರೆದದ್ದನ್ನೂ ನೋಡಿದೆ.

ಕಳೆದ ವಾರ ಇನ್ನೊಂದು ಮಗು ಬಂತು. ತಿಂಗಳು ತುಂಬುವ ಮುಂಚೆ ಹುಟ್ಟಿದ್ದು, ತೀರಾ ಸಣ್ಣದು. ಅಂಥ ಮಗುವಿಗೆಂದೇ ಇನ್ನೂ ತೆಳುವಾದ ಕೊಳವೆಯೊಂದನ್ನು ಮಾಡಿಸಿದ್ದೆ. ಅದರ ಪರೀಕ್ಷೆ ಮುಗಿದಿಲ್ಲ, ಮುಗಿಸಬೇಕಾಗಿದ್ದವಳು ನಾನು. ಪರೀಕ್ಷೆಯಾಗದ್ದನ್ನು ಮಗುವಿನ ಮೇಲೆ ಬಳಸುವಂತಿಲ್ಲ. ಅದು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಮಗುವಿನ ಅಪ್ಪ ಯಾರಿಂದಲೋ ನನ್ನ ಹೆಸರು ಕೇಳಿ ಬಂದಿದ್ದ. ನಾನು ಆ ಕೆಲಸ ಬಿಟ್ಟಿದ್ದೇನೆ ಎಂದೆ. ಯಾಕೆ ಎಂದು ಕೇಳಿದ. ಮಹಾಂತೇಶ್ ಸರ್ ಹತ್ತಿರ ಕಳಿಸಿದೆ.

ಮಹಾಂತೇಶ್ ಸರ್ ಹಳೆಯ ರೀತಿಯಲ್ಲೇ ತೆರೆದು ಹೊಲಿದರು. ಹೊಟ್ಟೆಯ ಅರ್ಧದಷ್ಟು ಉದ್ದದ ಗಾಯ. ಬದುಕಿದೆ. ಉಸಿರು ಮಾತ್ರ ಇನ್ನೂ ಯಂತ್ರದ್ದು. ನನ್ನ ಕೊಳವೆ ಇದ್ದಿದ್ದರೂ ಹೀಗೇ ಆಗುತ್ತಿತ್ತೋ ಏನೋ, ಅದನ್ನು ಯಾರೂ ಹೇಳಲಾರರು. ದಿನವೂ ಹೋಗಿ ನೋಡಿಕೊಂಡು ಬರುತ್ತೇನೆ.

ವರ್ಷದ ಕೊನೆಯವರೆಗೆ ಕಾದು ಯೋಜನೆಯನ್ನು ಮುಚ್ಚುತ್ತಾರಂತೆ. ಮುಚ್ಚಲಿ. ಮುನಿಗಳು ಕೈ ಬಿಟ್ಟದ್ದನ್ನು ನಾನು ಹೇಗೆ ಹಿಡಿದುಕೊಳ್ಳಲಿ?

ಹೇಮಾ


ಹಳೇಬೀಡು
8 ಸೆಪ್ಟೆಂಬರ್ 2025

ಹೇಮಾ,

ದಶಲಕ್ಷಣ ಪರ್ವ ಮುಗಿದು ಇವತ್ತು ಕ್ಷಮಾವಣಿ. ಊರಿನವರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುವ ದಿನ. ಜಿನಪ್ರಸಾದ ಫೋನಿನಲ್ಲೇ ಒಂದು ಹೂವಿನ ಚಿತ್ರ ಒತ್ತಿ ನೂರು ಜನರ ಹತ್ತಿರ ಕೇಳಿ ಮುಗಿಸಿದ. ‘ಅರಿತೋ ಅರಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಿ’ ಎಂದು ಅದರಲ್ಲಿ ಇರುತ್ತದೆ. ನಾನು ನಿನಗೆ ಹಾಗೆ ಬರೆಯಲಾರೆ. ನನ್ನದರಲ್ಲಿ ಅರಿಯದೆ ಎಂಬುದು ಇಲ್ಲ.

ಆ ಕೂದಲು ನನ್ನದು. ಬಿಳಿಯದು. ಅನ್ನ ಬಳಿಯುವಾಗ ನನ್ನ ಬೆರಳಿಗೇ ಸುತ್ತಿಕೊಂಡಿತು. ಸೆರಗಿನಲ್ಲಿ ಒರೆಸಿ ಮುದುರಿಕೊಂಡೆ. ನಿಮ್ಮಿಬ್ಬರ ತಲೆಗೂ ನೋಯುವ ಹಾಗೆ ಬಟ್ಟೆ ಬಿಗಿದವಳು ನನ್ನ ತಲೆಗೆ ಕಟ್ಟಿಕೊಳ್ಳಲಿಲ್ಲ. ‘ನನ್ ತಲೇಲಿ ಉದ್ರಕ್ಕೆ ಏನ್ ಉಳ್ದೈತೆ’ ಎಂದು ನಕ್ಕಿದ್ದೆ. ಅನ್ನಕ್ಕೆ ಕೊನೆಯಲ್ಲಿ ತುಪ್ಪ ಹಾಕಿ ಬಗ್ಗಿ ಕಲಸಿದವಳು ನಾನು. ‘ಒಂದ್ಸಲ ನಾನ್ ನೋಡ್ತೀನಿ ಅಜ್ಜಿ’ ಎಂದು ತ್ರಿಶಾ ಕೈ ಚಾಚಿದಾಗ ಪಾತ್ರೆಯನ್ನು ಆ ಕಡೆಗೆ ತಿರುಗಿಸಿಕೊಂಡೆ.

ಶಾಂತರಾಜ ಯಾರದು ಎಂದು ಕೇಳಿದಾಗ ಹೇಳುವುದಕ್ಕೆ ಒಂದೇ ಮಾತು ಸಾಕಿತ್ತು. ಊರಿನಲ್ಲಿ ನನ್ನ ಚೌಕದಷ್ಟು ಶುದ್ಧ ಯಾರದ್ದೂ ಇಲ್ಲ ಎಂದು ಅವನ ಹೆಂಡತಿಯ ಮುಂದೆಯೇ ಎಷ್ಟು ಸಲ ಜಂಬ ಕೊಚ್ಚಿದ್ದೆನೋ! ಎಲ್ಲರೂ ತ್ರಿಶಾಳನ್ನು ನೋಡಿದರು, ನಾನೂ ಅವಳನ್ನೇ ನೋಡಿದೆ. ಅಷ್ಟೇ ಮಾಡಿದ್ದು. ಅಷ್ಟೇ ಸಾಕಾಯಿತು.

ಇನ್ನೊಂದಿದೆ. ನಿನ್ನ ಹಂದಿಯ ಕಾಗದ ಬಂದಾಗ ಬೈದು ಬರೆದೆನಲ್ಲ, ಅದಕ್ಕೂ ಮೊದಲು ನನಗೆ ಏನಾಯಿತು ಗೊತ್ತೇ? ಸಮಾಧಾನವಾಯಿತು. ಇವಳ ಪಾಪ ದೊಡ್ಡದು, ಅದರ ಹಿಂದೆ ನನ್ನ ಕೂದಲು ಕಾಣುವುದಿಲ್ಲ ಎಂದು. ಮೊಮ್ಮಗಳ ಪಾಪ ಕಂಡು ನೆಮ್ಮದಿಪಟ್ಟ ಮುದುಕಿಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಆಮೇಲೆ ನೀನು ಯಂತ್ರದಲ್ಲಿ ಉಸಿರಾಡುವ ಕೂಸಿನ ವಿಷಯ ಬರೆದೆ. ಅಂದಿನಿಂದ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ.

ಇವತ್ತು ಬಸದಿಯಲ್ಲಿ ಎಲ್ಲರೂ ಉತ್ತಮ ಕ್ಷಮಾ ಎನ್ನುತ್ತಿರುವಾಗ ತ್ರಿಶಾಳ ಮುಂದೆ ನಿಂತು ಹೇಳಿದೆ. ನಾನು ಮಾತಾಡಿದರೆ ನಿನಗೆ ಗೊತ್ತಲ್ಲ.

“ಕಾಂಚನಕ್ಕ, ಮೆಲ್ಲಗೆ, ಎಲ್ರಿಗೂ ಕೇಳಸ್ತೈತೆ,” ಎಂದ ಶಾಂತರಾಜ.

“ಕೇಳ್ಲಿ ಅಂತ್ಲೇ ಕಣಪ್ಪ ಕೂಗ್ತಿರದು. ಅವತ್ತು ನೀನೂ ಹಿಂಗೇ ಕೂಗ್ದಲ್ಲ.”

ತ್ರಿಶಾ ನನ್ನನ್ನೇ ನೋಡುತ್ತಿದ್ದಳು. ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ಸುತ್ತ ನಿಂತವರು ಕಾದರು. ಅವಳು ಹೇಳಿದಳು, “ಇವತ್ತು ಕ್ಷಮಿಸಿದೆ ಅಂತ ಎಲ್ರಿಗೂ ಅನ್ನಲೇಬೇಕಲ್ವಾ ಅಜ್ಜಿ. ಅದು ಲೆಕ್ಕಕ್ಕಿಲ್ಲ. ನಾಳೆ ಕೇಳಿ.”

ಕಾಗದವನ್ನು ಇಲ್ಲಿಗೆ ನಿಲ್ಲಿಸಿದ್ದೆ. ಇದು ಮಾರನೆಯ ದಿನ ಬರೆಯುತ್ತಿರುವುದು. ಕೇಳಿದೆ. ಒಲೆಯ ಮುಂದೆ ನಿಂತಿದ್ದಳು, ತಿರುಗಲಿಲ್ಲ. “ಜಡೆ ಬೆಳೀಲಿ ಅಜ್ಜಿ, ಆಮೇಲೆ ನೋಡೋಣ,” ಎಂದಳು. ನನ್ನ ವಯಸ್ಸಿಗೆ ಅಷ್ಟು ಟೈಮು ಇದೆಯೋ ಇಲ್ಲವೋ ಎನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ.

ಈಗ ನಿನ್ನ ವಿಷಯ. ಹಂದಿಯದು ಪರವಾಗಿಲ್ಲ ಬಿಡು ಎಂದು ನಾನು ಹೇಳಲಾರೆ. ಒಂದು ಸುಳ್ಳಿಗೇ ಇಷ್ಟಾಗಿದೆ, ಎರಡನೆಯದು ಬೇಡ. ಅದು ಪಾಪವೇ, ನಿನ್ನದೇ. ಅದನ್ನು ಕ್ಷಮಿಸುವುದಕ್ಕೆ ನಾನು ಯಾರು? ಕ್ಷಮಿಸಬೇಕಾದದ್ದು ಎದ್ದೇ ಇಲ್ಲ. ಆದರೆ ಮುನಿಗಳು ಕೈ ಬಿಟ್ಟದ್ದು ನಿನ್ನ ಹಂದಿಗಲ್ಲ, ನನ್ನ ತಲೆಗೂದಲಿಗೆ. ನನ್ನದನ್ನು ನಿನ್ನ ತಲೆಗೆ ಹಾಕಿಕೊಂಡು ಕೆಲಸ ಬಿಡಬೇಡ. ಬಿಡುವುದಾದರೆ ಹಂದಿಗಾಗಿ ಬಿಡು. ಇರುವುದಾದರೆ ಕೂಸಿಗಾಗಿ ಇರು. ಎರಡರಲ್ಲಿ ಯಾವುದು ಎಂದು ನನ್ನನ್ನು ಕೇಳಬೇಡ, ನಾನು ನಾಲ್ಕನೇ ಕ್ಲಾಸು.

ಯಂತ್ರ ತೆಗೆದರೋ?

ನಿನ್ನ ಅಜ್ಜಿ


ಪುಣೆ
12 ಅಕ್ಟೋಬರ್ 2025

ಅಜ್ಜಿ,

ತೆಗೆದರು. ತಾನೇ ಉಸಿರಾಡುತ್ತಿದೆ. ಗಾಯ ಒಣಗಿದೆ, ಕಲೆ ಮಾತ್ರ ದೊಡ್ಡದು.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ನೀನು ಫೆಬ್ರವರಿಯಲ್ಲೇ ಹೇಳಿದ್ದರೆ ಈ ಮಗುವಿನ ಹೊತ್ತಿಗೆ ಕೊಳವೆ ಸಿದ್ಧವಾಗಿರುತ್ತಿತ್ತೇನೋ ಎಂದು ಒಂದು ಕಾಗದ ಬರೆದೆ. ಹರಿದು ಹಾಕಿದೆ. ಯಾಕೆಂದರೆ ಅದು ಪೂರ್ತಿ ನಿಜವಲ್ಲ. ನಾನು ಆ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಬಿಡಬೇಕೋ ಬೇಡವೋ ಎಂದು ವರ್ಷಗಳಿಂದ ನನ್ನೊಳಗೇ ಕೊರೆಯುತ್ತಿದ್ದುದನ್ನು ಅದು ಒಂದು ಕ್ಷಣದಲ್ಲಿ ತೀರ್ಮಾನಿಸಿಕೊಟ್ಟಿತ್ತು. ಈಗ ತೀರ್ಮಾನ ಮತ್ತೆ ನನ್ನ ಮೇಲೆಯೇ ಬಿತ್ತು.

ಕಪಾಟಿನ ಬೀಗ ತೆಗೆಸಿದ್ದೇನೆ. ಸೋಮವಾರ ಹಂದಿಮರಿ ಬರುತ್ತದೆ. ಅದನ್ನು ಕೊಲ್ಲುತ್ತೇನೆ, ಈ ಸಲ ನೇರವಾಗಿಯೇ ಬರೆದಿದ್ದೇನೆ. ಹೊಸದಾಗಿ ಕಲಿಯುವವರು ಬೊಂಬೆಯಲ್ಲಿ ಕಲಿಯಬಹುದಾದದ್ದನ್ನು ಬೊಂಬೆಯಲ್ಲೇ ಕಲಿಯಬೇಕು ಎಂದು ಹಟ ಹಿಡಿದು ಒಪ್ಪಿಸಿದ್ದೇನೆ. ಉಳಿದದ್ದಕ್ಕೆ ನನಗೆ ಬೇರೆ ದಾರಿ ಗೊತ್ತಿಲ್ಲ. ಮಹಾಂತೇಶ್ ಸರ್ ಖುಷಿಯಾಗಿದ್ದಾರೆ. ನಾನು ಖುಷಿಯಾಗಿಲ್ಲ.

ಒಂದು ಮಾತು. ಇನ್ನು ನಾನು ಯಾವ ಮುನಿಗಳಿಗೂ ಆಹಾರ ಕೊಡುವುದಿಲ್ಲ. ಆ ಶುದ್ಧಿಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಚೌಕ ಹಾಕಿದಾಗ ನನ್ನನ್ನು ಕರೆಯಬೇಡ.

ತ್ರಿಶಾಗೆ ಬೇರೆ ಕಾಗದ ಬರೆದಿದ್ದೇನೆ. ನೀನು ಓದಬೇಡ.

ಹೇಮಾ


ಹಳೇಬೀಡು
28 ನವೆಂಬರ್ 2025

ಹೇಮಾ,

ತ್ರಿಶಾಳ ಕಾಗದವನ್ನು ಓದಲಿಲ್ಲ. ಎಲ್ಲಿಟ್ಟಿದ್ದಾಳೆಂದು ಹುಡುಕಿದೆ, ಸಿಗಲಿಲ್ಲ.

ಮುನಿಗಳ ಚಾತುರ್ಮಾಸ ಮುಗಿದಿದೆ. ಬರುವ ತಿಂಗಳು ಈ ದಾರಿಯಲ್ಲಿ ಬೇರೆ ಇಬ್ಬರು ಮುನಿಗಳು ಬರುತ್ತಾರಂತೆ. ಶಾಂತರಾಜನೇ ಮನೆಗೆ ಬಂದು, “ಈ ಸಲ ನಿಮ್ಮನೇಲಿ ಚೌಕದ ಯಜಮಾನಿ ತ್ರಿಶಾ ಕಣಮ್ಮ,” ಎಂದ. ಅವಳು, “ಯೋಚ್ನೆ ಮಾಡಿ ಹೇಳ್ತೀನಿ ಮಾವ,” ಎಂದು ಅವನನ್ನು ಎರಡು ಸಲ ಅಲೆಸಿ ಆಮೇಲೆ ಒಪ್ಪಿಕೊಂಡಳು. ಸರಿಯಾಗಿ ಮಾಡಿದಳು.

ನಾನು ಚೌಕದ ಒಳಗೆ ಹೋಗುವುದಿಲ್ಲ. ಯಾರೂ ತಡೆದಿಲ್ಲ, ನಾನೇ ಹೋಗುವುದಿಲ್ಲ. ವಚನಶುದ್ಧಿ ಎನ್ನಲು ಹೋದರೆ ಆ ಮೂವರ ಮುಖ ಕಣ್ಣ ಮುಂದೆ ಬರುತ್ತದೆ: ಬಿಸಿಲಲ್ಲಿ ನಡೆದುಹೋದ ಮುನಿಗಳು, ತ್ರಿಶಾ, ನಾನು ನೋಡದ ಆ ಕೂಸು. ಹಿತ್ತಲ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂರುತ್ತೇನೆ ಎಂದು ತ್ರಿಶಾಳಿಗೆ ಹೇಳಿದೆ. “ಕಲ್ಲು ತಣ್ಣಗಿರುತ್ತೆ, ಚಾಪೆ ಹಾಕ್ಕೊಳ್ಳಿ,” ಎಂದಳು. ಕ್ಷಮಿಸಿದ ದನಿಯಲ್ಲ ಅದು. ಚಾಪೆ ಮಾತ್ರ ತಂದಿಟ್ಟಿದ್ದಾಳೆ.

ಕರೆಯಬೇಡ ಎಂದು ಬರೆದಿದ್ದೀಯಲ್ಲ, ಅದಕ್ಕೇ ಕರೆಯುತ್ತಿದ್ದೇನೆ. ಆ ಮಾತು ಬಾಯಲ್ಲಿ ಬಾರದವರು ಕೂರುವುದಕ್ಕೂ ಒಂದು ಜಾಗ ಬೇಕಲ್ಲ. ಚಾಪೆ ಇಬ್ಬರಿಗೆ ಸಾಕು. ನಾನು ಕೂತಲ್ಲಿಂದ ಒಳಗಿನದು ಕಾಣುವುದಿಲ್ಲ. ನೀನು ಉದ್ದ ಇದ್ದೀಯ, ಕುತ್ತಿಗೆ ಚಾಚಿ ನೋಡು. ಮುನಿಗಳು ಉಣ್ಣುತ್ತಿದ್ದಾರೆಯೇ, ನೀರು ತೆಗೆದುಕೊಂಡರೇ ಎಂದು ನನಗೆ ಹೇಳು. ಹಂದಿಯ ಮಾತು ಆಡುವುದಿಲ್ಲ, ಕೂದಲಿನ ಮಾತೂ ಆಡುವುದಿಲ್ಲ. ಆಡಬೇಕೆನ್ನಿಸಿದರೆ ಆಡೋಣ.

ಅವರ ಆಹಾರ ಮುಗಿದ ಮೇಲೆ ತ್ರಿಶಾ ನಮಗೂ ಬಡಿಸುತ್ತಾಳೆ. ಮುಖ ಗಂಟಿಕ್ಕಿಕೊಂಡೇ ಬಡಿಸುತ್ತಾಳೆ. ಉಣ್ಣೋಣ.

ನಿನ್ನ ಅಜ್ಜಿ